ಆಳೋ, ಅಳಿಯನೋ?

ಮದುವೆಯ ಮನೆಗಳಲ್ಲಿ ಹಿರಿಯರು ಹೇಳುವ ಒಂದು ಮಾತುಂಟು: ‘ಇಂದಿನಿಂದ ಎರಡು ಮನೆ ಒಂದಾಯಿತು.’ ನಾನೂ ಈಗ ಅಂಥ ಮಾತು ಹೇಳಬೇಕಾದ ವಯಸ್ಸಿಗೆ ಬಂದಿದ್ದೇನೆ; ಎಲೆ ಅಡಿಕೆಯ ತಟ್ಟೆ ಕೈಗೆ ಬಂದಾಗ ಒಂದೆರಡು ಸಲ ಹೇಳಿಯೂ ಇದ್ದೇನೆ. ಹಾಗೆ ಒಂದಾದ ಮನೆಗಳು ಮುಂದೊಂದು ದಿನ ಜಗಳಕ್ಕೆ ನಿಂತರೆ ನಡುವೆ ಸಿಕ್ಕವರು ಏನು ಮಾಡಬೇಕೆಂಬುದನ್ನು ಮಾತ್ರ ಮದುವೆಯ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಶುಭಕಾರ್ಯದಲ್ಲಿ ಅದನ್ನೇಕೆ ಎತ್ತುವುದು ಎಂದು ಸುಮ್ಮನಿರುತ್ತಾರೆ.

ಅಂಥ ಜಗಳವೊಂದು ನನ್ನ ಬಳಗದಲ್ಲಿಯೇ ನಡೆಯಿತು. ನನ್ನ ಚಿಕ್ಕಪ್ಪನ ಮಗಳನ್ನು ನನ್ನ ಸೋದರಮಾವನ ಮಗನಿಗೆ ಕೊಟ್ಟಿತ್ತು. ಕಾಲುವೆಯ ಬದಿಯ ಒಂದು ತುಂಡು ಗದ್ದೆಯ ಸಲುವಾಗಿ ಬೀಗರಿಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿದರು. ಮೂರು ವರ್ಷ ವ್ಯಾಜ್ಯ ನಡೆಯಿತು. ಆ ಮೂರು ವರ್ಷವೂ ನಾನು ಎರಡು ಮನೆಗೂ ಹೋದೆ, ಎರಡು ಮನೆಯಲ್ಲೂ ಊಟ ಮಾಡಿದೆ, ಯಾವ ಮನೆಯಲ್ಲೂ ಗದ್ದೆಯ ಮಾತೆತ್ತಲಿಲ್ಲ. ‘ಮೇಷ್ಟ್ರು ಯಾರ ಕಡೆಯೂ ಅಲ್ಲ’ ಎಂದು ಎರಡೂ ಕಡೆಯವರು ಹೇಳಿದಾಗ ಅದನ್ನೊಂದು ಬಿರುದಿನಂತೆ ಧರಿಸಿಕೊಂಡೆ. ಆ ದಿನಗಳಲ್ಲಿಯೇ ನಾನು ಓದಿದ್ದು ಬಾರ್ಬರಾ ಟಕ್‌ಮನ್ ಎಂಬ ಅಮೆರಿಕದ ಲೇಖಕಿ ಬರೆದು 1978ರಲ್ಲಿ ಪ್ರಕಟವಾದ ‘ಎ ಡಿಸ್ಟಂಟ್ ಮಿರರ್’ ಎಂಬ ಇತಿಹಾಸ ಗ್ರಂಥ. 14ನೆಯ ಶತಮಾನದ ಯೂರೋಪನ್ನು ಒಬ್ಬ ಫ್ರೆಂಚ್ ಸರದಾರನ ಬಾಳಿನ ಮೂಲಕ ತೋರಿಸುವ ಪುಸ್ತಕ ಅದು. ಆ ಸರದಾರನ ವಿಚಾರವನ್ನು ಅಲ್ಲಿ ಇಲ್ಲಿ ಇನ್ನಷ್ಟು ಓದಿಕೊಂಡೆ. ಓದುತ್ತ ಓದುತ್ತ ನನ್ನ ಬಿರುದು ಸ್ವಲ್ಪ ಸಡಿಲವಾಯಿತು. ಏಕೆಂದು ಹೇಳುವುದಕ್ಕೆ ಮೊದಲು ಅವನ ಕತೆಯನ್ನು ಹೇಳಬೇಕು.

ಅವನ ಹೆಸರು ಏಳನೆಯ ಆಂಗೆರಾನ್. ಕೂಸಿ ಎಂಬ ಸೀಮೆಯ ಒಡೆಯ. ಹುಟ್ಟಿದ್ದು 1340ರಲ್ಲಿ, ತೀರಿಕೊಂಡದ್ದು 1397ರಲ್ಲಿ. ಪ್ಯಾರಿಸಿನ ಈಶಾನ್ಯಕ್ಕೆ, ಪಿಕಾರ್ಡಿ ಪ್ರಾಂತದಲ್ಲಿ, ಲಾನ್ ಮತ್ತು ಸ್ವಾಸೊಂ ಎಂಬ ಊರುಗಳ ನಡುವೆ, ಒಂದು ದಿಬ್ಬದ ಮೇಲೆ ಅವನ ಕೋಟೆಯಿತ್ತು. ಅದರ ನಡುಗೋಪುರವನ್ನು 13ನೆಯ ಶತಮಾನದಲ್ಲಿ ಕಟ್ಟಿಸಿದವನು ಅವನ ಪೂರ್ವಜನಾದ ಮೂರನೆಯ ಆಂಗೆರಾನ್. 50 ಮೀಟರಿಗೂ ಮೀರಿದ ಎತ್ತರ, 30 ಮೀಟರಿಗೂ ಮೀರಿದ ಅಡ್ಡಳತೆ. ಮನೆತನದ ಬಿಂಕವೂ ಗೋಪುರಕ್ಕೆ ತಕ್ಕಂತೆಯೇ ಇತ್ತು. ದೊರೆ, ಡ್ಯೂಕ್, ಕೌಂಟ್ ಎಂಬ ಬಿರುದುಗಳು ತಮಗೆ ಬೇಕಿಲ್ಲ, ಕೂಸಿಯ ಒಡೆಯ ಎಂಬ ಹೆಸರೊಂದೇ ಸಾಕೆಂದು ಆ ಮನೆತನದವರು ಹೇಳಿಕೊಳ್ಳುತ್ತಿದ್ದರಂತೆ. ನಮ್ಮ ಆಂಗೆರಾನನಿಗೆ ಅದೊಂದೇ ಸಾಕಾಗಲಿಲ್ಲ. ಎರಡು ದೇಶದ ಬಿರುದುಗಳು ಅವನ ಕೊರಳಿಗೆ ಬಿದ್ದುವು. ಅವನ ಕಷ್ಟ ಅಲ್ಲಿಂದಲೇ ಮೊದಲಾಯಿತು.

ತಂದೆ ಆರನೆಯ ಆಂಗೆರಾನ್. ತಾಯಿ ಕ್ಯಾಥರೀನ್, ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಮನೆತನದ ಡ್ಯೂಕ್ ಲಿಯೊಪೋಲ್ಡನ ಮಗಳು. ಮಗುವಿಗೆ ಆರು ವರ್ಷವಾದಾಗ, ಫ್ರಾನ್ಸು ಇಂಗ್ಲೆಂಡುಗಳ ನಡುವಣ ಯುದ್ಧದಲ್ಲಿ ತಂದೆ ಸತ್ತ. 1349ರ ಮಹಾಮಾರಿ ತಾಯಿಯನ್ನು ಒಯ್ದಿತು. ಒಂಬತ್ತು ವರ್ಷಕ್ಕೆ ಅನಾಥನಾದ ಈ ಹುಡುಗನಿಗೆ ತಂದೆಯ ಕಡೆಯಿಂದ ಒಂದು ಕೋಟೆಯೂ ತಾಯಿಯ ಕಡೆಯಿಂದ ದೂರದ ಆಸ್ಟ್ರಿಯದ ನೆಲದ ಮೇಲೊಂದು ಹಕ್ಕೂ ಉಳಿದುವು. 1358ರಲ್ಲಿ ಉತ್ತರ ಫ್ರಾನ್ಸಿನ ರೈತರು ದಂಗೆಯೆದ್ದಾಗ ಅದನ್ನು ನಿರ್ದಯವಾಗಿ ಅಡಗಿಸಿದವರಲ್ಲಿ ಈ ಹದಿನೆಂಟರ ತರುಣನೂ ಒಬ್ಬ. ಇವನನ್ನು ಸಂತನೆಂದು ತೋರಿಸುವ ಆಸೆ ನನಗಿಲ್ಲವೆಂಬುದನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ಮೇಲು.

ಅವನ ತಂದೆಯನ್ನು ಕೊಂದ ಯುದ್ಧ ಹುಟ್ಟಿದ ಬಗೆಯೂ ನೆನೆಯತಕ್ಕದ್ದು. ಆ ಕಾಲದ ಅರಸುಮನೆಗಳಲ್ಲಿ ಮದುವೆಯೆಂದರೆ ಒಂದು ಕರಾರುಪತ್ರ. ಬರೆದುಕೊಟ್ಟ ಕಾಗದಕ್ಕೆ ಹೆಣ್ಣುಮಗಳೇ ಮೊಹರು. ಫ್ರಾನ್ಸು ಇಂಗ್ಲೆಂಡುಗಳ ನಡುವೆ ಗ್ಯಾಸ್ಕೊನಿಯ ನೆಲದ ಸಲುವಾಗಿ ಹಳೆಯ ಜಗಳವಿತ್ತು. ಅದನ್ನು ಅಡಗಿಸುವುದಕ್ಕೆಂದು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ತನ್ನ ಮಗಳನ್ನು 1308ರಲ್ಲಿ ಇಂಗ್ಲೆಂಡಿನ ಎರಡನೆಯ ಎಡ್ವರ್ಡನಿಗೆ ಕೊಟ್ಟ. ಎರಡು ಮನೆ ಒಂದಾಯಿತು ಎಂದು ಆಗಲೂ ಯಾರೋ ಹಿರಿಯರು ಹೇಳಿರಬೇಕು. ಆ ಹೆಣ್ಣುಮಗಳ ಮೂವರು ಸೋದರರೂ ಒಬ್ಬರಾದ ಮೇಲೊಬ್ಬರು ಪಟ್ಟವೇರಿ, ಗಂಡುಸಂತತಿಯನ್ನು ಉಳಿಸದೆ ಸತ್ತರು. ಕೊನೆಯವನು ಸತ್ತದ್ದು 1328ರಲ್ಲಿ. ‘ನನ್ನ ತಾಯಿಯ ತವರಿನ ಸಿಂಹಾಸನ ನನ್ನದು’ ಎಂದು ಅವಳ ಮಗ ಮೂರನೆಯ ಎಡ್ವರ್ಡ್ ಹಕ್ಕು ಹೂಡಿದ. 1337ರಲ್ಲಿ ಹೊತ್ತಿಕೊಂಡ ಯುದ್ಧ 1453ರವರೆಗೆ ಬಿಟ್ಟು ಬಿಟ್ಟು ಉರಿಯಿತು. ಜಗಳ ಆರಿಸಲೆಂದು ಮಾಡಿದ ಮದುವೆಯೇ ಮುಂದಿನ ಜಗಳಕ್ಕೆ ಸೌದೆಯಾಯಿತು.

1356ರಲ್ಲಿ ಪ್ವಾಟಿಯೆ ಎಂಬಲ್ಲಿ ಫ್ರಾನ್ಸಿನ ದೊರೆ ಎರಡನೆಯ ಜಾನ್ ಇಂಗ್ಲಿಷರ ಕೈಗೆ ಸೆರೆಸಿಕ್ಕ. ಬಿಡುಗಡೆಯ ಬೆಲೆ 30 ಲಕ್ಷ ಚಿನ್ನದ ನಾಣ್ಯವೆಂದು 1360ರ ಬ್ರೆಟಿನ್ಯಿ ಒಪ್ಪಂದದಲ್ಲಿ ಗೊತ್ತಾಯಿತು. ಅಷ್ಟು ಹಣ ಒಮ್ಮೆಗೆ ಎಲ್ಲಿಂದ ಬರಬೇಕು? ಹಣ ಸಲ್ಲುವವರೆಗೆ ಫ್ರಾನ್ಸಿನ ದೊಡ್ಡ ಮನೆತನಗಳ ಗಂಡುಮಕ್ಕಳು ಇಂಗ್ಲೆಂಡಿನಲ್ಲಿ ಒತ್ತೆ ಇರಬೇಕೆಂದಾಯಿತು. ಹಾಗೆ ಹೋದವರಲ್ಲಿ ಇಪ್ಪತ್ತು ವರ್ಷದ ಆಂಗೆರಾನನೂ ಒಬ್ಬ. ಒತ್ತೆಗೆ ಹೋದವರಲ್ಲಿ ದೊರೆಯ ಸ್ವಂತ ಮಗನೊಬ್ಬ ಮಾತು ಮುರಿದು ಓಡಿಹೋದ. ಮಗ ಮುರಿದ ಮಾತನ್ನು ತಂದೆ ಉಳಿಸಬೇಕೆಂದು ಜಾನ್ ದೊರೆ ತಾನಾಗಿ ಲಂಡನ್ನಿಗೆ ಹಿಂದಿರುಗಿ 1364ರಲ್ಲಿ ಅಲ್ಲಿಯೇ ಪ್ರಾಣಬಿಟ್ಟ. ಮಾತಿಗೆ ಕಟ್ಟುಬಿದ್ದು ದೊರೆಯೇ ಸೆರೆಗೆ ಮರಳಿದ ಕಾಲ ಅದು. ಅದೇ ಮಾತನ್ನು ಮುರಿದು ದೊರೆಯ ಮಗ ಓಡಿಹೋದ ಕಾಲವೂ ಅದೇ.

ಆಂಗೆರಾನ್ ಓಡಿಹೋಗಲಿಲ್ಲ. ಒಳ್ಳೆಯ ರೂಪ, ಒಳ್ಳೆಯ ನಡೆ. ಇಂಗ್ಲೆಂಡಿನ ಅರಮನೆಯಲ್ಲಿದ್ದ ಫ್ರ್ವಾಸಾರ್ ಎಂಬ ಬಖೈರುಕಾರ ಇವನು ಹಾಡುವುದನ್ನೂ ಕುಣಿಯುವುದನ್ನೂ ಮೆಚ್ಚಿ ಬರೆದಿದ್ದಾನೆ. ಎಡ್ವರ್ಡ್ ದೊರೆಯ ಹಿರಿಯ ಮಗಳು ಇಸಬೆಲಾಗೆ ಇವನಲ್ಲಿ ಮನಸ್ಸಾಯಿತು. ಅವಳ ವಿಚಾರ ಎರಡು ಮಾತು ಹೇಳಬೇಕು. ಅವಳ ಹದಿನೈದನೆಯ ವಯಸ್ಸಿನಲ್ಲಿ, ಫ್ಲಾಂಡರ್ಸ್ ನಾಡು ಇಂಗ್ಲೆಂಡಿನ ಕಡೆಗೆ ನಿಲ್ಲಲೆಂದು, ಅಲ್ಲಿನ ಎಳೆಯ ಒಡೆಯನೊಡನೆ ನಿಶ್ಚಿತಾರ್ಥ ಮಾಡಿದರು. ಆ ಹುಡುಗ ಮದುವೆಗೆ ಮುಂಚೆಯೇ ತಪ್ಪಿಸಿಕೊಂಡು ಫ್ರಾನ್ಸಿಗೆ ಓಡಿದ. 1351ರಲ್ಲಿ ಗ್ಯಾಸ್ಕೊನಿಯ ಸರದಾರನೊಬ್ಬನ ಮಗನಿಗೆ ಗೊತ್ತುಮಾಡಿದರು. ಈ ಸಲ ಹಡಗು ಹತ್ತುವ ಹೊತ್ತಿಗೆ ಅವಳೇ ಮನಸ್ಸು ಬದಲಿಸಿ ಮನೆಗೆ ಹಿಂದಿರುಗಿದಳು. ಒಮ್ಮೆ ವರ ಬೇಡವೆಂದ, ಒಮ್ಮೆ ವಧು ಬೇಡವೆಂದಳು. ಹೀಗೆ ಮೂವತ್ಮೂರು ವರ್ಷದವರೆಗೆ ಮದುವೆಯಿಲ್ಲದೆ ಉಳಿದ ರಾಜಕುಮಾರಿ, ತನಗಿಂತ ಏಳೆಂಟು ವರ್ಷ ಚಿಕ್ಕವನಾದ ಈ ಒತ್ತೆಯಾಳನ್ನು 1365ರ ಜುಲೈ 27ರಂದು ವಿಂಡ್ಸರಿನಲ್ಲಿ ವರಿಸಿದಳು. ಮದುವೆಗಳು ಕರಾರಾಗಿದ್ದ ಆ ಕಾಲದಲ್ಲಿ ತನ್ನ ಇಷ್ಟಕ್ಕೆ ಇಷ್ಟು ಎಡೆ ಮಾಡಿಕೊಂಡ ಹೆಣ್ಣು ಅಪರೂಪ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಮಾವನೇನೂ ಬರಿಯ ಮಮತೆಯಿಂದ ಒಪ್ಪಿದವನಲ್ಲ. ಕೂಸಿಯ ಸೀಮೆ ಇಂಗ್ಲಿಷ್ ಸೈನ್ಯಗಳು ಕ್ಯಾಲೆಯಿಂದ ಫ್ರಾನ್ಸಿನ ಒಳನಾಡಿಗೆ ನುಗ್ಗುವ ಹಾದಿಗೆ ಹತ್ತಿರದ್ದು. ಅಂಥ ಕೋಟೆಯ ಒಡೆಯ ಅಳಿಯನಾದರೆ ಲಾಭವೇ. ಬಿಡುಗಡೆಯ ಹಣವನ್ನು ಕೇಳದೆ ಅಳಿಯನನ್ನು ಬಿಟ್ಟುಕೊಟ್ಟ. ಮರುವರ್ಷ ಬೆಡ್‌ಫರ್ಡಿನ ಅರ್ಲ್ ಎಂಬ ಪದವಿ ಕೊಟ್ಟ. ಗಾರ್ಟರ್ ಎಂಬ ವೀರಮಂಡಲಿಯಲ್ಲಿ ಸೇರಿಸಿಕೊಂಡ. ಇನ್ನೊಬ್ಬ ಒತ್ತೆಯಾಳು ತನ್ನ ಬಿಡುಗಡೆಗಾಗಿ ಬಿಟ್ಟುಕೊಟ್ಟ ಸ್ವಾಸೊಂ ಸೀಮೆಯನ್ನೂ 1367ರಲ್ಲಿ ಅಳಿಯನಿಗೆ ಸೇರಿಸಿದ. 1366ರಲ್ಲಿ ಮೇರಿ ಎಂಬ ಮಗಳು ಹುಟ್ಟಿದಳು, ಮರುವರ್ಷ ಫಿಲಿಪ್ಪಾ.

ನಮ್ಮ ನುಡಿಯಲ್ಲಿ ‘ಆಳು’ ಎಂಬ ಮಾತಿಗೆ ಒಂದು ಸೊಗಸುಂಟು. ಹೆಸರಾಗಿ ನಿಂತರೆ ಅದು ಸೇವಕನನ್ನೂ ಭಟನನ್ನೂ ಹೇಳುತ್ತದೆ. ಕ್ರಿಯೆಯಾದರೆ ಒಡೆತನ ಮಾಡುವುದನ್ನು ಹೇಳುತ್ತದೆ. ಆ ಕಾಲದ ಯೂರೋಪಿನ ಸರದಾರನನ್ನು ವರ್ಣಿಸುವುದಕ್ಕೆ ಇದಕ್ಕಿಂತ ತಕ್ಕ ಮಾತು ಸಿಕ್ಕದು. ಅವನು ತನ್ನ ಸೀಮೆಯನ್ನು ಆಳುವವನು, ತನ್ನ ಮೇಲಿನ ಒಡೆಯನಿಗೆ ಆಳು. ಆಳಾಗುವುದಕ್ಕೂ ಒಂದು ವಿಧಿಯಿತ್ತು: ಮಂಡಿಯೂರಿ, ಜೋಡಿಸಿದ ಕೈಗಳನ್ನು ಒಡೆಯನ ಎರಡು ಅಂಗೈಗಳ ನಡುವೆ ಇಟ್ಟು, ‘ನಿನ್ನವನಾದೆ’ ಎಂದು ನುಡಿಯಬೇಕು. ನಮ್ಮ ಹಳೆಯ ಕಾವ್ಯಗಳ ‘ಜೋಳದ ಪಾಳಿ’ಯನ್ನು ಬಲ್ಲವರಿಗೆ ಈ ಭಾವ ಹೊಸದಲ್ಲ, ಉಂಡ ಅನ್ನಕ್ಕೆ ಪ್ರಾಣವನ್ನು ತೆತ್ತು ಋಣ ತೀರಿಸುವುದೆಂಬುದೇ ಅಲ್ಲಿಯೂ ತಿರುಳು. ಆದರೆ ಒಬ್ಬನೇ ಇಬ್ಬರು ಮೂವರಿಂದ ನೆಲ ಪಡೆದು ಎಲ್ಲರ ಅಂಗೈಯಲ್ಲೂ ಕೈಯಿಟ್ಟಿದ್ದರೆ? ಆ ಕಾಲದ ನ್ಯಾಯಜ್ಞರು ಇದಕ್ಕೊಂದು ಪರಿಹಾರ ಕಂಡುಹಿಡಿದಿದ್ದರು: ಹಲವು ಒಡೆಯರಲ್ಲಿ ಒಬ್ಬನು ಮುಖ್ಯ, ತೊಡಕು ಬಂದಾಗ ಅವನ ಕರೆಯೇ ಮೊದಲು. ಕಾಗದದ ಮೇಲೆ ಅದು ಅಚ್ಚುಕಟ್ಟಾದ ಉತ್ತರ. ಬಾಳಿನಲ್ಲಿ ಒಬ್ಬನು ದೊರೆ, ಇನ್ನೊಬ್ಬನು ಹೆಂಡತಿಯ ತಂದೆ ಆಗಿರುತ್ತಾನೆ.

1369ರಲ್ಲಿ ಯುದ್ಧ ಮತ್ತೆ ಹತ್ತಿಕೊಂಡಿತು. ಒಂದು ಕಡೆ ಹುಟ್ಟಿದ ನೆಲ, ತಂದೆ ಪ್ರಾಣಕೊಟ್ಟ ಪಕ್ಷ, ಫ್ರಾನ್ಸಿನ ದೊರೆ ಐದನೆಯ ಚಾರ್ಲ್ಸ್. ಇನ್ನೊಂದು ಕಡೆ ಮಾವ, ಬಿಡುಗಡೆಯ ಋಣ, ಹೆಂಡತಿಯ ತವರು. ಒತ್ತೆಯಾಳಾಗಿ ಹೋದವನು ಅಳಿಯನಾಗಿ ಬಂದ. ಈಗ ಯಾರ ಆಳು?

ಆಂಗೆರಾನ್ ಯಾರ ಕಡೆಗೂ ಕತ್ತಿ ಹಿರಿಯಲಿಲ್ಲ. ಮನೆಯನ್ನೇ ಬಿಟ್ಟು ಇಟಲಿಗೆ ಹೊರಟ. ಅಲ್ಲಿ ಪೋಪ್ ಹನ್ನೊಂದನೆಯ ಗ್ರೆಗರಿಯ ಪರವಾಗಿ ಮಿಲಾನಿನ ವಿಸ್ಕಾಂಟಿಗಳ ಮೇಲೆ ಕಾದಿದ. ಅಂತೂ ಎಂಟು ವರ್ಷ ಅವನು ಈ ಯುದ್ಧದಿಂದ ಹೊರಗುಳಿದ. ಎರಡು ಪಕ್ಷದವರೂ ಇದನ್ನು ಹೇಡಿತನವೆನ್ನದೆ ಮನ್ನಿಸಿದರೆಂಬುದು ಆಶ್ಚರ್ಯದ ಸಂಗತಿ. 1370ರಲ್ಲಿ ಇಂಗ್ಲಿಷ್ ಸೈನ್ಯ ಪಿಕಾರ್ಡಿಯನ್ನು ಸುಟ್ಟು ಸುಲಿಯುತ್ತ ಹೋದಾಗ ಕೂಸಿಯ ಹಳ್ಳಿಗಳನ್ನು ಮಾತ್ರ ಮುಟ್ಟಲಿಲ್ಲವೆಂದು ಫ್ರ್ವಾಸಾರ್ ಬರೆಯುತ್ತಾನೆ. ಅಳಿಯನ ಊರು ಎಂಬ ಒಂದು ಕಾರಣಕ್ಕೆ ಅಲ್ಲಿನ ಒಕ್ಕಲಿನ ಮನೆ ಉಳಿಯಿತು. ಪಕ್ಕದ ಒಡೆಯನ ಒಕ್ಕಲು ಬೂದಿಯಾಯಿತು.

ಇಲ್ಲಿಯವರೆಗೆ ಓದಿದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ನಾನು ಚಿಕ್ಕಪ್ಪನ ಮನೆಗೂ ಮಾವನ ಮನೆಗೂ ನಡುವೆ ನಡೆದ ದಾರಿ ಇದೇ ಅಲ್ಲವೆ ಎನ್ನಿಸಿತು. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ.

ಮೊದಲನೆಯದಾಗಿ, ಆಂಗೆರಾನ್ ತನ್ನ ತಾಟಸ್ಥ್ಯಕ್ಕೆ ಬೆಲೆ ತೆತ್ತ. ಕೋಟೆಯಲ್ಲಿ ಕುಳಿತು ಎರಡು ಕಡೆಯ ಔತಣವನ್ನೂ ಉಣ್ಣಲಿಲ್ಲ. ಮನೆ ಮಡದಿ ಮಕ್ಕಳನ್ನು ಬಿಟ್ಟು ಹೊರನಾಡಿನಲ್ಲಿ ತಿರುಗಿದ. ಅವನ ಓರಗೆಯವರು ಸ್ವದೇಶದ ಯುದ್ಧದಲ್ಲಿ ಕೀರ್ತಿ ಗಳಿಸುತ್ತಿದ್ದಾಗ ಇವನು ಅದನ್ನು ಬಿಟ್ಟುಕೊಟ್ಟ. ನಾನು ಏನು ಬಿಟ್ಟುಕೊಟ್ಟೆ? ಒಂದು ಹಬ್ಬದೂಟವನ್ನೂ ಇಲ್ಲ.

ಎರಡನೆಯದಾಗಿ, ಆ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ‘ತಟಸ್ಥ’ ಎಂದರೆ ದಡದ ಮೇಲೆ ನಿಂತವನು ಎಂದು ತರಗತಿಯಲ್ಲಿ ಬಿಡಿಸಿ ಹೇಳುತ್ತೇವೆ. ಒಂದು ಹೊಳೆಯ ದಡದಲ್ಲಿ ನಿಂತವನು ಇನ್ನೊಂದು ಹೊಳೆಗೆ ಇಳಿದಿರಬಹುದೆಂಬುದು ಆ ಮಾತಿನಲ್ಲಿ ಕಾಣುವುದಿಲ್ಲ. 1375ರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸ್ವಲ್ಪ ಕಾಲ ಕದನವಿರಾಮವಾಯಿತು. ಕೆಲಸವಿಲ್ಲದ ಕೂಲಿ ಸೈನಿಕರ ಗುಂಪುಗಳು ಫ್ರಾನ್ಸಿನ ಹಳ್ಳಿಗಳನ್ನು ದೋಚತೊಡಗಿದುವು. ಆಂಗೆರಾನ್ ಅವರನ್ನು ಕೂಡಿಸಿಕೊಂಡು, ಪೀಡೆ ತೊಲಗಿದರೆ ಸಾಕೆಂದಿದ್ದ ಫ್ರಾನ್ಸಿನ ದೊರೆಯ ಹಣದ ನೆರವನ್ನೂ ಪಡೆದು, ತಾಯಿಯ ಕಡೆಯ ಹಕ್ಕನ್ನು ಕೇಳುವುದಕ್ಕೆ ಹ್ಯಾಬ್ಸ್‌ಬರ್ಗ್ ದಾಯಾದಿಗಳ ಮೇಲೆ ನಡೆದ. ಆ ನೆಲ ಇಂದಿನ ಸ್ವಿಟ್ಜರ್ಲೆಂಡಿನಲ್ಲಿದೆ. ಶತ್ರುವಿಗೆ ಕಾಳುಕಡ್ಡಿ ಸಿಕ್ಕಬಾರದೆಂದು ಹ್ಯಾಬ್ಸ್‌ಬರ್ಗ್ ಡ್ಯೂಕ್ ತನ್ನ ಹಳ್ಳಿಗಳನ್ನು ತಾನೇ ಸುಡಿಸಿದ. ಉಳಿದುದನ್ನು ಬಂದವರು ದೋಚಿದರು. ಚಳಿಗಾಲ, ಹಸಿವು. ಚೂಪು ಟೊಪ್ಪಿಗೆಯಂಥ ಶಿರಸ್ತ್ರಾಣ ಧರಿಸಿದ ಈ ಕೂಲಿಗಳನ್ನು ಅಲ್ಲಿಯ ಜನ ‘ಗುಗ್ಲರ್’ ಎಂದು ಕರೆದರು. ಆ ಡಿಸೆಂಬರಿನಲ್ಲಿ ಬುಟ್ಟಿಸ್‌ಹೋಲ್ಸ್, ಇನ್ಸ್, ಫ್ರೌಬ್ರುನ್ನೆನ್ ಎಂಬಲ್ಲಿ ಹಳ್ಳಿಗರೂ ಬರ್ನ್ ಪಟ್ಟಣದವರೂ ರಾತ್ರಿಯ ಹೊತ್ತು ಮೇಲೆಬಿದ್ದು ಅವರನ್ನು ಹೊಡೆದೋಡಿಸಿದರು. ಆಂಗೆರಾನ್ ಬರಿಗೈಯಲ್ಲಿ ಮರಳಿದ. ಮಾವನೊಡನೆ ಕಾದಲಾರೆ, ದೊರೆಯೊಡನೆ ಕಾದಲಾರೆ ಎಂದು ಧರ್ಮಸೂಕ್ಷ್ಮವನ್ನು ನೋಡಿದವನು ತಾಯಿಯ ತವರಿನ ಮೇಲೆ ದಂಡೆತ್ತಿ ಹೋಗುವಾಗ ಅದನ್ನು ನೋಡಲಿಲ್ಲ.

1377ರ ಜೂನ್ 21ರಂದು ಎಡ್ವರ್ಡ್ ದೊರೆ ತೀರಿಕೊಂಡ. ಹತ್ತು ವರ್ಷದ ಮೊಮ್ಮಗ ಎರಡನೆಯ ರಿಚರ್ಡ್ ಪಟ್ಟಕ್ಕೆ ಬಂದ. ಎರಡು ತಿಂಗಳು ಕಳೆಯುವುದರೊಳಗೆ, ಆಗಸ್ಟಿನಲ್ಲಿ, ಆಂಗೆರಾನ್ ಹೊಸ ದೊರೆಗೊಂದು ಪತ್ರ ಬರೆದ. ತನ್ನ ಹುಟ್ಟು ಒಡೆಯನಾದ ಫ್ರಾನ್ಸಿನ ದೊರೆಗೂ ನಿಮಗೂ ಯುದ್ಧ ನಡೆದಿದೆ, ಆದುದರಿಂದ ನಿಮ್ಮಿಂದ ನಿಷ್ಠೆಯ ಮೇಲೆ ಪಡೆದುದನ್ನೆಲ್ಲ ಒಪ್ಪಿಸಿಬಿಡುತ್ತೇನೆ ಎಂಬುದು ಅದರ ಸಾರ. ಬೆಡ್‌ಫರ್ಡಿನ ಪದವಿ ಹೋಯಿತು, ಇಂಗ್ಲೆಂಡಿನ ನೆಲ ಹೋಯಿತು, ಗಾರ್ಟರ್ ಹೋಯಿತು.

ಇದು ಗುಟ್ಟಿನ ದ್ರೋಹವಲ್ಲ. ಇಟ್ಟ ನಿಷ್ಠೆಯನ್ನು ಹಿಂತೆಗೆದುಕೊಳ್ಳುವುದಕ್ಕೆ ಆ ಕಾಲದ ಧರ್ಮದಲ್ಲಿ ಬಹಿರಂಗವಾದ ವಿಧಿಯಿತ್ತು. ಒಡೆಯನಿಗೆ ತಿಳಿಸಿ, ಅವನದನ್ನು ಅವನಿಗೆ ಕೊಟ್ಟು, ಆಮೇಲೆ ಎದುರು ನಿಲ್ಲಬಹುದಾಗಿತ್ತು. ಉಪ್ಪು ತಿನ್ನುತ್ತಲೇ ಎರಡು ಬಗೆಯುವವರನ್ನು ಕಂಡ ನಮಗೆ ಈ ನೇರ ನಡೆ ಮೆಚ್ಚುಗೆಯಾಗಬೇಕು. ಮಾವ ಬದುಕಿರುವವರೆಗೆ ಕಾದು, ಅವನ ಮಣ್ಣಾದ ಮೇಲೆ ಪತ್ರ ಬರೆದದ್ದರಲ್ಲೂ ಒಂದು ಮರ್ಯಾದೆಯಿದೆ. ಅವನ ಋಣವಿದ್ದದ್ದು ಎಡ್ವರ್ಡನೆಂಬ ಮನುಷ್ಯನಿಗೆ; ಇಂಗ್ಲೆಂಡಿನ ಕಿರೀಟಕ್ಕಲ್ಲ. ಮನುಷ್ಯ ಹೋದ ಮೇಲೆ ಹುಟ್ಟಿದ ನೆಲದ ಕರೆಯೇ ಉಳಿಯಿತು. ಆಂಗೆರಾನನ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡುತ್ತಿದ್ದೆನೆಂದು ತೋರುತ್ತದೆ. ತೀರ್ಮಾನ ಸರಿಯಾದದ್ದೇ.

ಆದರೆ ಆ ಮನೆಯಲ್ಲಿ ಇನ್ನೂ ಮೂವರಿದ್ದರು. ತಂದೆಯ ಕೊನೆಗಾಲಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದ ಇಸಬೆಲಾ ಅಲ್ಲಿಯೇ ಉಳಿದಳು. ಕಿರಿಯ ಮಗಳು ಫಿಲಿಪ್ಪಾ ತಾಯಿಯ ಕಡೆಗೆ. ಹಿರಿಯಳು ಮೇರಿ ತಂದೆಯ ಕಡೆಗೆ. ಗದ್ದೆಯನ್ನು ಬದು ಹಾಕಿ ಹಂಚಿದಂತೆ ಮಕ್ಕಳು ಹಂಚಿಹೋದರು. ಗಾರ್ಟರನ್ನು ಹಿಂದಿರುಗಿಸುವುದಕ್ಕೆ ವಿಧಿಯಿತ್ತು, ಸೀಮೆಯನ್ನು ಒಪ್ಪಿಸುವುದಕ್ಕೆ ವಿಧಿಯಿತ್ತು. ಎರಡು ಸಲ ಮುರಿದುಬಿದ್ದ ಮದುವೆಯ ಮೇಲೆ ಮೂವತ್ಮೂರರಲ್ಲಿ ತಾನಾಗಿ ಒಲಿದು ಬಂದ ಹೆಂಡತಿಯ ಋಣವನ್ನು ಯಾವ ಪತ್ರದಲ್ಲಿ ಬರೆದು ತೀರಿಸುವುದು? ಒಡೆಯನಿಗೂ ಆಳಿಗೂ ನಡುವಣ ಧರ್ಮವನ್ನು ಅಷ್ಟು ಸೂಕ್ಷ್ಮವಾಗಿ ಕಡೆದಿಟ್ಟ ಆ ಕಾಲದ ನ್ಯಾಯಜ್ಞರು ಇದಕ್ಕೊಂದು ಸಾಲನ್ನೂ ಬರೆದಿಡಲಿಲ್ಲ. ಇಸಬೆಲಾ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿಯೇ ಕಣ್ಣುಮುಚ್ಚಿದಳು.

ಫಿಲಿಪ್ಪಾಳ ಪಾಡು ಇನ್ನೂ ಕಷ್ಟದ್ದು. ಅವಳನ್ನು ಬಾಲ್ಯದಲ್ಲಿಯೇ ಆಕ್ಸ್‌ಫರ್ಡಿನ ಅರ್ಲ್ ರಾಬರ್ಟ್ ಡಿ ವಿಯರ್ ಎಂಬವನಿಗೆ ಕೊಟ್ಟಿದ್ದರು. ಅವನು ರಿಚರ್ಡ್ ದೊರೆಯ ಮೆಚ್ಚಿನವನಾಗಿ ಮೆರೆದ. 1387ರಲ್ಲಿ ಅವನು ಬೊಹೀಮಿಯದಿಂದ ರಾಣಿಯ ಪರಿವಾರದಲ್ಲಿ ಬಂದಿದ್ದ ಒಬ್ಬಳಿಗೆ ಮನಸೋತು ಫಿಲಿಪ್ಪಾಳನ್ನು ತ್ಯಜಿಸಿದ. ಮೂರನೆಯ ಎಡ್ವರ್ಡನ ಮೊಮ್ಮಗಳಿಗೆ ಆದ ಈ ಅವಮಾನಕ್ಕೆ ಅವಳ ಸೋದರಮಾವಂದಿರು ಕೆರಳಿದರು. ಡಿ ವಿಯರನ ಹೆತ್ತ ತಾಯಿಯೇ ಮಗನನ್ನು ಹಳಿದು ಸೊಸೆಯ ಪಕ್ಷ ಹಿಡಿದಳಂತೆ. ತಂದೆ ಮಾತ್ರ ಶತ್ರುದೇಶದ ಸರದಾರ. ಅವನ ಪತ್ರದಲ್ಲಿ ನಿಷ್ಠೆಯ ಕಟ್ಟು ಹರಿದು ಹತ್ತು ವರ್ಷವಾಗಿತ್ತು.

ಆಂಗೆರಾನನೇನು ಪಾಠ ಕಲಿತನೆ? ಹಿರಿಯ ಮಗಳು ಮೇರಿಯನ್ನು ಬಾರ್ ಸೀಮೆಯ ಡ್ಯೂಕನ ಮಗ ಹೆನ್ರಿಗೆ ಕೊಟ್ಟ. ತಾನು 1386ರಲ್ಲಿ ಲೊರೇನಿನ ಡ್ಯೂಕನ ಮಗಳನ್ನು ಮದುವೆಯಾದ. ಅವಳ ಹೆಸರೂ ಇಸಬೆಲ್ಲೇ. ಬಾರ್, ಲೊರೇನು ಎರಡೂ ಫ್ರಾನ್ಸಿನ ಪೂರ್ವದ ಅಂಚಿನ ನಾಡುಗಳು. ಕಡಲಿನಾಚೆಯ ನಂಟು ಕಡಿದ ಮೇಲೆ ನೆರೆಯ ನಂಟುಗಳನ್ನು ಹೆಣೆದನೆಂದು ಇದನ್ನು ಅರ್ಥಮಾಡಬಹುದು. ಅವನ ಲೋಕಕ್ಕೆ ಬೇರೆ ಹಗ್ಗ ಗೊತ್ತಿರಲಿಲ್ಲ. 1380ರಲ್ಲಿ ಫ್ರಾನ್ಸಿನ ಮಹಾದಂಡನಾಯಕನ ಪದವಿ ತೆರವಾದಾಗ ಅದನ್ನು ತಾನೊಲ್ಲೆನೆಂದು ಕ್ಲಿಸನ್ ಎಂಬವನ ಹೆಸರನ್ನು ಸೂಚಿಸಿದನೆಂದು ಹೇಳುತ್ತಾರೆ. ಹೊಸ ಕಟ್ಟೊಂದು ಬೇಡವೆಂಬ ದಣಿವು ಅದರಲ್ಲಿತ್ತೋ ಏನೋ ಎಂದು ನನಗೆ ಅನ್ನಿಸುವುದುಂಟು.

ಕೊನೆಯ ಅಂಕ ದೂರದ ಡ್ಯಾನ್ಯೂಬ್ ನದಿಯ ದಡದಲ್ಲಿ ನಡೆಯಿತು. ತುರುಕರನ್ನು ಹಿಮ್ಮೆಟ್ಟಿಸಲು ಹಂಗೆರಿಯ ದೊರೆ ಸಿಗಿಸ್ಮಂಡನ ನೆರವಿಗೆ ಹೋದ ಫ್ರೆಂಚ್ ದಂಡಿನಲ್ಲಿ ಐವತ್ತಾರು ವರ್ಷದ ಆಂಗೆರಾನನೂ ಇದ್ದ. ಅಳಿಯ ಹೆನ್ರಿಯೂ ಇದ್ದ. 1396ರ ಸೆಪ್ಟೆಂಬರ್ 25ರಂದು ನಿಕೊಪೊಲಿಸ್ ಎಂಬಲ್ಲಿ ಯುದ್ಧ. ಆ ನಾಡನ್ನೂ ಶತ್ರುವನ್ನೂ ಬಲ್ಲ ಸಿಗಿಸ್ಮಂಡನ ಮಾತು ಕೇಳೋಣವೆಂದು ಆಂಗೆರಾನ್ ಹೇಳಿದ. ಮುಂದಿನ ಸಾಲಿನ ಕೀರ್ತಿ ಬೇರೆಯವರಿಗೆ ಹೋದೀತೆಂದು ಎಳೆಯ ಸರದಾರರು ಕೇಳಲಿಲ್ಲ. ದಂಡು ನುಚ್ಚುನೂರಾಯಿತು. ಸುಲ್ತಾನ್ ಬಾಯೆಜಿದನ ಸೆರೆಯಾಳಾಗಿ ಆಂಗೆರಾನ್ಬುರ್ಸಾ ಪಟ್ಟಣ ಸೇರಿ 1397ರ ಫೆಬ್ರುವರಿ 18ರಂದು ಅಲ್ಲಿಯೇ ಸತ್ತ. ಉಳಿದವರ ಬಿಡುಗಡೆಗೆ 2 ಲಕ್ಷ ಚಿನ್ನದ ನಾಣ್ಯ ಗೊತ್ತಾದದ್ದು ಆ ಮೇಲೆ. ಹೆನ್ರಿ ಬಿಡುಗಡೆಯಾದರೂ ಊರು ಸೇರುವ ಮೊದಲೇ ತೀರಿಕೊಂಡ. ಇಪ್ಪತ್ತು ವರ್ಷದಲ್ಲಿ ಒತ್ತೆಯಾಳಾಗಿದ್ದವನನ್ನು ಒಬ್ಬ ಹೆಣ್ಣು ಬಿಡಿಸಿದ್ದಳು. ಬುರ್ಸಾದಲ್ಲಿ ಅಂಥ ಇಸಬೆಲಾ ಇರಲಿಲ್ಲ.

ಗಂಡುಮಗನಿಲ್ಲದ ಆ ಆಸ್ತಿಗಾಗಿ ಮಗಳು ಮೇರಿಗೂ ಮಲತಾಯಿಗೂ ವ್ಯಾಜ್ಯವಾಯಿತು. 1400ರಲ್ಲಿ ಮೇರಿ ಕೂಸಿಯನ್ನು ಫ್ರಾನ್ಸಿನ ದೊರೆಯ ತಮ್ಮನಾದ ಓರ್ಲಿಯನ್ಸಿನ ಡ್ಯೂಕನಿಗೆ ಮಾರಿದಳು. ಅಷ್ಟೊಂದು ಮದುವೆಗಳು ಕಾಪಾಡಬೇಕಾಗಿದ್ದ ಕೋಟೆ ಹೀಗೆ ಕ್ರಯಪತ್ರದಲ್ಲಿ ಮನೆತನದ ಕೈಬಿಟ್ಟಿತು. ಗೋಪುರ ಮಾತ್ರ ಇನ್ನೂ ಐದು ಶತಮಾನ ನಿಂತಿತ್ತು. 1917ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಅದನ್ನು ಮದ್ದಿಟ್ಟು ಉರುಳಿಸಿತು.

ಇಷ್ಟು ದೂರದ ಕತೆಯಿಂದ ನಾನು ಪಡೆದದ್ದೇನು? ಎರಡು ನಿಷ್ಠೆಗಳ ನಡುವೆ ಸಿಕ್ಕವನು ಯಾವುದನ್ನು ಆರಿಸಬೇಕೆಂಬುದನ್ನೇ ನೀತಿಯ ದೊಡ್ಡ ಪ್ರಶ್ನೆಯೆಂದು ನಾವು ಎಣಿಸುತ್ತೇವೆ. ಆರಿಸಿಯಾದ ಮೇಲೆ ಪ್ರಶ್ನೆ ಮುಗಿಯಿತೆಂದು ನೆಮ್ಮದಿಯಾಗುತ್ತೇವೆ. ಆಂಗೆರಾನನ ಬಾಳು ಹೇಳುವುದು ಬೇರೆ. ಸರಿಯಾದುದನ್ನೇ ಆರಿಸಿದರೂ ಬಿಟ್ಟುಕೊಟ್ಟ ಕಡೆಯ ಋಣ ಹಾಗೆಯೇ ಉಳಿಯುತ್ತದೆ. ತೀರ್ಮಾನದಿಂದ ಜಗಳ ತೀರಬಹುದು, ಋಣ ತೀರುವುದಿಲ್ಲ. ಅದು ತನ್ನ ಲೆಕ್ಕದಲ್ಲಿ ಉಳಿದಿದೆಯೆಂದು ಬಲ್ಲವನು, ತೀರಿಸಲು ದಾರಿ ಇರುವಷ್ಟನ್ನಾದರೂ ತೀರಿಸಿಯಾನು. ತಾನು ಸರಿಯೆಂಬ ಸಮಾಧಾನದಲ್ಲಿ ಇರುವವನಿಗೆ ಅದು ಕಾಣುವುದೇ ಇಲ್ಲ. ಯಾರ ಪಕ್ಷವನ್ನೂ ಆರಿಸದವನಿಗೂ ಈ ಮಾತು ಸಲ್ಲುತ್ತದೆ. ಸುಮ್ಮನಿರುವುದೂ ಒಂದು ತೀರ್ಮಾನವೇ.

ಕಾಲುವೆಯ ಗದ್ದೆಯ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಆ ಮೇಲೆ ಒಂದು ದಿನ ಮಾವನ ಮನೆಗೆ ಹೋಗಿದ್ದೆ. ಊಟಕ್ಕೆ ಬಡಿಸುತ್ತಿದ್ದ ತಂಗಿ, ಚಿಕ್ಕಪ್ಪನ ಮಗಳು, ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ ಮೆಲ್ಲನೆ ಕೇಳಿದಳು: “ಅಣ್ಣಾ, ಮೂರು ವರ್ಷ ನೀನು ಆ ಮನೆಗೂ ಹೋಗಿ ಬಂದೆ, ಈ ಮನೆಗೂ ಬಂದೆ. ನಾನು ಮೂರು ವರ್ಷ ತವರಿನ ಹೊಸಿಲು ತುಳಿಯಲಿಲ್ಲ. ಅಮ್ಮ ಹೇಗಿದ್ದಾಳೆ ಅಂತ ಒಂದು ಸಲವಾದರೂ ನೀನಾಗಿ ಬಂದು ನನಗೆ ಹೇಳಿದೆಯಾ?”

ಹೇಳಿರಲಿಲ್ಲ. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ಆಡಬಾರದೆಂಬುದು ನಾನು ಹಾಕಿಕೊಂಡಿದ್ದ ನಿಯಮ. ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ಎಲೆಯ ಮೇಲೆ ಅನ್ನ ಆರುತ್ತಿತ್ತು. ಅವಳು ಉತ್ತರಕ್ಕೆ ಕಾಯಲಿಲ್ಲ. ಸಾರಿನ ಪಾತ್ರೆ ತರಲು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಮೂರು ವರ್ಷ ತಡವಾಗಿತ್ತು.